ಗೌಡರ ಕಟ್ಟೆಯ ಮೇಲಿನ ಮೀಟರ್

ಕರೆಂಟಿನ ಬಿಲ್ಲನ್ನು ದುರ್ಗಕ್ಕ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೇರೆ ಯಾರ ಮನೆಯದನ್ನೋ ತಮ್ಮ ಬಾಗಿಲಿಗೆ ಎಸೆದು ಹೋದರೇನೋ ಎಂದು ಹೊಸ್ತಿಲಾಚೆ ಬಂದು, ಓಣಿಯ ತಿರುವಿನಲ್ಲಿ ಸೈಕಲ್ ಏರುತ್ತಿದ್ದ ಬಿಲ್ಲಿನವನನ್ನು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಪಂಪಮ್ಮ ಕೈಯಿಂದ ಕಸಿದು ಓದಿದಳು.

“ತಾಯಪ್ಪ, ಚಿತ್ತವಾಡ್ಗಿ. ನಮ್ದ ಐತಿ ಬೇ.”

“ಎಷ್ಟಂತ?”

“ತೊಂಬತ್ತು.”

ದುರ್ಗಕ್ಕ ಹೊಸ್ತಿಲ ಮೇಲೆ ಕುಸಿದಳು. ಎರಡು ಬಲ್ಬು, ಒಂದು ಟೇಬಲ್ ಫ್ಯಾನು, ಒಂದು ರೇಡಿಯೊ, ತಂತಿ ಕೆಂಪಾಗುವ ಒಂದು ಕರೆಂಟಿನ ಒಲೆ. ಈ ಸಂಪತ್ತಿಗೆ ತೊಂಬತ್ತು ರೂಪಾಯಿಯೇ! ಮೊನ್ನೆ ದೀಪಾವಳಿಯ ತನಕ ಇಪ್ಪತ್ತು ದಾಟಿದ್ದಿಲ್ಲ.

ದುರ್ಗಕ್ಕನ ಮನೆಗೆ ಕರೆಂಟು ಬಂದದ್ದೇ ಊರವರು ಆಡಿಕೊಳ್ಳುವ ಮಾತಾಗಿತ್ತು. ಉಜ್ಜಿನಪ್ಪಗೌಡರು ಕಂಪ್ಲಿ ಕಡೆಯವರು. ಕಾಲುವೆ ನೀರು ಹರಿದ ಮೇಲೆ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆದು, ಹೊಲವನ್ನು ಆಳುಗಳ ಕೈಗೆ ಬಿಟ್ಟು, ಹೊಸಪೇಟೆಗೆ ಬಂದು ಚಿತ್ತವಾಡ್ಗಿಯಲ್ಲಿ ಮಹಡಿ ಮನೆ ಕಟ್ಟಿಸಿದವರು. ಆ ಮನೆಗೆ ಕಲ್ಲು, ಗಾರೆ ಹೊತ್ತವಳು ದುರ್ಗಕ್ಕನ ಅತ್ತೆ ಹೊಳೆಮ್ಮ. ಅದೇ ಮನೆಯ ಬೆನ್ನಿಗೆ, ಕೇರಿ ಶುರುವಾಗುವ ಕಡೆ, ಹೊಳೆಮ್ಮನ ಮಣ್ಣಿನ ಮನೆ. ಲೈಟಿನ ಕಂಬ ಗೌಡರ ಮುಂಬಾಗಿಲಿಗಿತ್ತು. ಹೊಳೆಮ್ಮನ ಮಗ, ದುರ್ಗಕ್ಕನ ಗಂಡ ತಾಯಪ್ಪನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ ಸಿಕ್ಕು, ಅವನು ಕರೆಂಟು ಹಾಕಿಸಲು ಓಡಾಡಿದಾಗ ಗೌಡರೇ ಕರೆದು ಹೇಳಿದ್ದರು: “ಕಂಬ ದೂರ ಆತು. ನಿಮ್ಮ ಮಣ್ಣಿನ ಗೋಡಿಗೆ ಮೀಟರ್ ನಿಂದರೂದಿಲ್ಲ. ನನ್ನ ಕಟ್ಟಿ ಮ್ಯಾಲೆ ಹಾಕ್ಸು. ಅಲ್ಲಿಂದ ವೈರ್ ಎಳಕೋ.”

ಅಂದಿನಿಂದ ಹೊಳೆಮ್ಮ ಸಂಜೆ ದೀಪ ಹಾಕಿದಾಗಲೆಲ್ಲ ಮೊದಲು ಬಲ್ಬಿಗೆ, ಆಮೇಲೆ ಗೌಡರ ಮನೆಯ ದಿಕ್ಕಿಗೆ ಕೈ ಮುಗಿಯುತ್ತಿದ್ದಳು.

ಮೀಟರು ತಾಯಪ್ಪನ ಹೆಸರಿನದು. ಆದರೆ ಅವನ ಮನೆಯ ಹೆಂಗಸರು ಅದರ ಮುಖವನ್ನು ಹತ್ತಿರದಿಂದ ಕಂಡವರಲ್ಲ. ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲ. ಹತ್ತಬೇಡಿರೆಂದು ಯಾರೂ ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಫ್ಯೂಜ್ ಹೋದರೆ ಕೆಳಗೆ ನಿಂತು ಕೂಗಬೇಕು. ಗೌಡರ ಆಳು ಬಂದು ಬಿಳಿ ಪಿಂಗಾಣಿಯ ತುಂಡನ್ನು ಕಿತ್ತು, ತಂತಿ ಸುತ್ತಿ, ಮತ್ತೆ ಒತ್ತಿ ಕೊಡುತ್ತಿದ್ದ. ದುರ್ಗಕ್ಕ ಎಷ್ಟೋ ಸಲ ಕೆಳಗಿನಿಂದ ಕತ್ತು ಎತ್ತಿ ಅದನ್ನು ನೋಡಿದ್ದಳು.

ಸಂಜೆ ತಾಯಪ್ಪ ಕಂಪನಿ ಬಸ್ಸಿಳಿದು ಮೈತುಂಬ ಕೆಂಪು ಧೂಳು ಹೊತ್ತು ಬಂದ. ಕೈಕಾಲು ತೊಳೆದು ರೊಟ್ಟಿಗೆ ಕುಳಿತವನ ಮುಂದೆ ಬಿಲ್ಲು ಇಟ್ಟರು. ಅವನು ನೋಡಿದ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ ತಟ್ಟೆಯನ್ನು ಅತ್ತ ತಳ್ಳಿದ.

“ನಾ ಗುಡ್ಡದಾಗ ಮಣ್ಣು ತಿಂತೀನಿ, ನೀವು ಇಲ್ಲಿ ಕರೆಂಟ್ ತಿಂತೀರಿ ಅಲ್ಲ?”

“ಏನ್ ತಿಂದೀವ್ರಿ? ಒಲಿ ಹಚ್ಚೂದು ನಿಮ್ಮ ಡಬ್ಬಿ ಕಟ್ಟೂವಾಗ ಮಾತ್ರ,” ಎಂದಳು ದುರ್ಗಕ್ಕ.

“ಮತ್ತ ಯಾರು ತಿಂದ್ರು? ಭೂತ ತಿಂತೇನು?”

“ಹುಡುಗಿ ಓದ್ತಾಳಪ್ಪ,” ಹೊಳೆಮ್ಮ ನಡುವೆ ಬಾಯಿ ಹಾಕಿದಳು. “ಬಲ್ಬು ಉರಿತೈತಿ. ಓದಿದ್ದು ತಲ್ಯಾಗ ಹೊಕ್ಕತೋ ಇಲ್ಲೋ, ಮೀಟ್ರಾಗ ಹೊಕ್ಕೈತಿ ನೋಡು.”

“ಅಜ್ಜಿ, ನೀ ರೇಡಿಯೋಕ್ಕ ಕಿವಿ ಹಚ್ಚಿ ನಿದ್ದಿ ಹೊಡಿತೀಯಲ್ಲ, ಅದು ಎಲ್ಲಿ ಹೊಕ್ಕೈತಿ?” ಎಂದಳು ಪಂಪಮ್ಮ.

ಪಂಪಮ್ಮ ಹತ್ತನೇ ಕ್ಲಾಸು. ಮಾರ್ಚಿಗೆ ಪರೀಕ್ಷೆ. ಆ ಮನೆತನದಲ್ಲಿ ಹತ್ತನೆಯದರ ಮುಖ ಕಂಡವಳು ಅವಳೊಬ್ಬಳೇ. ದುರ್ಗಕ್ಕ ತಾನು ಉಣ್ಣದೆ ಇದ್ದಾಳು, ಮಗಳ ಮೂಲೆಯ ಬಲ್ಬು ಆರಗೊಡಲಾರಳು.

ಮರುದಿನದಿಂದ ಮನೆ ತನ್ನ ಹೊಟ್ಟೆಯನ್ನೇ ಕಟ್ಟಿಕೊಂಡಿತು. ಕರೆಂಟಿನ ಒಲೆ ಅಟ್ಟ ಸೇರಿತು. ದುರ್ಗಕ್ಕ ಅಕ್ಕಿ ಗಿರಣಿಯ ಹಿಂದೆ ರಾಶಿ ಬಿದ್ದಿದ್ದ ಭತ್ತದ ಹೊಟ್ಟನ್ನು ಗೋಣಿಯಲ್ಲಿ ತುಂಬಿ ತಂದು, ತಗಡಿನ ಹೊಟ್ಟಿನ ಒಲೆಗೆ ಸುರಿದಳು. ನಡುವೆ ಒನಕೆ ನಿಲ್ಲಿಸಿ ಸುತ್ತ ಹೊಟ್ಟು ಜಡಿಯಬೇಕು. ಒನಕೆ ಎಳೆದ ತೂತಿಗೆ ಬೆಂಕಿ ಕೊಟ್ಟರೆ ಅರ್ಧ ದಿನ ಉರಿಯುತ್ತದೆ. ಉರಿಯೇನೋ ಪುಕ್ಕಟೆ, ಹೊಗೆಯ ಬೆಲೆ ಕಣ್ಣೇ ಕೊಡಬೇಕು. ಫ್ಯಾನಿಗೆ ಬಟ್ಟೆ ಕಟ್ಟಿದರು. ರೇಡಿಯೊ ಹಬ್ಬದ ಸೀರೆಯ ಹಾಗೆ ಪೆಟ್ಟಿಗೆ ಸೇರಿತು. ಒಳಗಿನ ಬಲ್ಬಿಗೆ ಬದಲಾಗಿ ಮಿಣುಕು ಹುಳದಂಥ ಜೀರೊ ಬಲ್ಬು ಬಂತು. ಅದರ ಬೆಳಕಿನಲ್ಲಿ ಸಾರಿನೊಳಗಿನ ಬದನೆಕಾಯಿಯೂ ಮೆಣಸಿನಕಾಯಿಯೂ ಒಂದೇ ಬಣ್ಣ.

ಹೊಳೆಮ್ಮ ತನ್ನದೇ ಒಂದು ಉಪಾಯ ಮಾಡಿದಳು. ಹಳೇ ಸೀರೆಯ ಚಿಂದಿ ಹೊಸೆದು, ಒಣಗಿದ ಬತ್ತಿ ಮಾಡಿ, ಗೋಡೆಯ ಪ್ಲಗ್ಗಿನ ತೂತುಗಳಿಗೆಲ್ಲ ತುರುಕಿದಳು.

“ಅಜ್ಜೀ, ಏನ್ ಮಾಡಾಕತ್ತಿ? ಹೊಡಿತೈತಿ ಅದು!”

“ಬಾಯಿ ತಕ್ಕೊಂಡು ಕುಂತಾವಲ್ಲ, ಇದ್ರಾಗಿಂದ ಸೋರಾಕತ್ತೈತಿ.”

ಪಂಪಮ್ಮ ಬಿದ್ದು ಬಿದ್ದು ನಕ್ಕಳು. “ಕರೆಂಟ್ ಏನ್ ನೀರಾ?”

“ಎರಡೂ ಡ್ಯಾಮಿಂದ ಬರ್ತಾವಲ್ಲೇನ? ಒಂದ ತಾಯಿ ಮಕ್ಕಳು. ನೀರು ಸೋರತೈತಿ ಅಂದ್ರ ಇದೂ ಸೋರತೈತಿ.”

ದಿನಾ ಹೊತ್ತು ಮುಳುಗುವ ಮೊದಲು ದುರ್ಗಕ್ಕ ಕೊಡ ಹಿಡಿದು ಗೌಡರ ಮನೆಯ ಪಕ್ಕಕ್ಕೆ ಹೋಗುತ್ತಿದ್ದಳು. ಓಣಿಯ ನಲ್ಲಿ ಒಡೆದು ವರ್ಷವಾಗಿತ್ತು. ಗೌಡರಿಗೆ ಬೋರು, ಮೋಟರು, ಮಹಡಿಯ ಮೇಲೆ ನೀರಿನ ದೊಡ್ಡ ಟಾಕಿ. ಮೋಟರು ಗುರ್ರೆಂದು ತಿರುಗಿ ಟಾಕಿ ತುಂಬುತ್ತಿರುವಾಗ ಗೌಡತಿ ಚೆನ್ನಬಸಮ್ಮ ನಲ್ಲಿಗೆ ಪೈಪು ಸಿಕ್ಕಿಸಿ, ದುರ್ಗಕ್ಕ ಕೊಡವನ್ನು ನೆಲಕ್ಕಿಟ್ಟು ಹಿಂದೆ ಸರಿದ ಮೇಲೆ, ಎತ್ತರದಿಂದ ನೀರು ಬಿಡುತ್ತಿದ್ದಳು. ಪೈಪಿನ ತುದಿ ಕೊಡಕ್ಕೆ ತಾಕದಂತೆ ಎಚ್ಚರ. ಅರ್ಧ ನೀರು ದುರ್ಗಕ್ಕನ ಕಾಲಿಗೆ, ಅರ್ಧ ಕೊಡಕ್ಕೆ.

“ಮನ್ಯಾಗ ಕತ್ತಲ ಕತ್ತಲ ಕಾಣ್ತೈತಲ್ಲ ದುರ್ಗಿ?”

“ಬಿಲ್ಲು ಭಾಳ ಬಂದೈತ್ರಿ ಅವ್ವಾರ.”

“ಹಂಗ ಸುಡಬಾರ್ದವಾ. ಕರೆಂಟ್ ಅಂದ್ರ ಲಕ್ಷ್ಮಿ. ನಿಮಗ ಹೊಸಾದು, ಅದ್ಕ ತಿಳಿಯಂಗಿಲ್ಲ,” ಎಂದು ಚೆನ್ನಬಸಮ್ಮ ಬುದ್ಧಿ ಹೇಳಿ ಪೈಪು ಸುತ್ತಿದಳು.

ಮುಂದಿನ ತಿಂಗಳ ಬಿಲ್ಲು ಬಂತು. ಈ ಸಲ ಯಾರೂ ಕಸಿಯಲಿಲ್ಲ. ಪಂಪಮ್ಮ ಓದಿ, ಓದಿದ್ದನ್ನು ಹೇಳಲಾರದೆ ತಾಯಿಯ ಮುಖ ನೋಡಿದಳು. ನೂರು ದಾಟಿತ್ತು.

ಉರಿಸದ ಒಲೆಗೆ, ತಿರುಗದ ಫ್ಯಾನಿಗೆ, ಹಾಡದ ರೇಡಿಯೊಗೆ ನೂರಾ ಹತ್ತು ರೂಪಾಯಿ! ಹೊಳೆಮ್ಮ ಎದ್ದು ಹೋಗಿ ಪ್ಲಗ್ಗಿನ ಬತ್ತಿಗಳು ಬಿಗಿಯಾಗಿವೆಯೇ ಎಂದು ಒತ್ತಿ ನೋಡಿ ಬಂದಳು.

ತಾಯಪ್ಪ ಅಂದು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸೀದಾ ಮಗಳ ಮೂಲೆಗೆ ಹೋಗಿ ಬಲ್ಬು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ.

“ಅಪ್ಪಾ, ನಾಳೆ ಗಣಿತದ್ದು ಟೆಸ್ಟ್ ಐತಿ!”

“ಇನ್ನ ಟೆಸ್ಟೂ ಇಲ್ಲ, ಪಾಸ್ಟೂ ಇಲ್ಲ. ಗೌಡ್ರಿಗೆ ಹೇಳೀನಿ. ಕಂಪ್ಲ್ಯಾಗ ಅವ್ರ ಹೊಲ್ದಾಗ ನಾಟಿ ನಡದೈತಿ. ಸೋಮವಾರ ಟ್ರ್ಯಾಕ್ಟರ್ ಬರ್ತೈತಿ, ಹತ್ತು. ಈ ಬಿಲ್ಲು ನೀನ ದುಡದು ಕಟ್ಟು.”

ಮನೆಯಲ್ಲಿ ಹೊಗೆ ಮಾತ್ರ ಅಲುಗುತ್ತಿತ್ತು.

“ಏನಂದ್ರಿ?” ದುರ್ಗಕ್ಕ ಮಣೆಯಿಂದ ಎದ್ದಳು. “ಪರೀಕ್ಷಿ ತಿಂಗಳೊಪ್ಪತ್ತು ಇಟಗೊಂಡು ಅಕಿನ್ನ ಕೆಸರಿಗೆ ಇಳಿಸ್ತೀರಾ?”

“ನನ್ನವ್ವ ಇಳಿದಿಲ್ಲೇನು? ನೀ ಇಳಿದಿಲ್ಲೇನು? ಇಕಿ ಕಾಲೇನು ಬೆಳ್ಳಿದಾ?”

“ನಾವು ಇಳದೀವಿ ಅಂತನ ಅಕಿ ಇಳೀಬಾರ್ದು!”

ತಾಯಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಗೋಡೆ ನೋಡಿಕೊಂಡೇ ಅಂದ: “ಬಿಲ್ಲು ಇಳಸು. ಇಳಿಸಿ ಆಮ್ಯಾಲೆ ಮಾತಾಡು.”

ಪಂಪಮ್ಮ ಅಳಲಿಲ್ಲ. ಪುಸ್ತಕ ಎತ್ತಿಕೊಂಡು ಬೀದಿಯ ಕಂಬದ ಕೆಳಗೆ ಹೋಗಿ ಕುಳಿತಳು. ಗೌಡರ ಮನೆಯ ಮುಂದಿನ ಅದೇ ಕಂಬ. ಸ್ವಲ್ಪ ಹೊತ್ತಿಗೆ ಗೌಡರ ಆಳು ಹೊರಗೆ ಬಂದು, ಅಲ್ಲಿ ಕೂರಬೇಡ, ಗೌಡರ ಮನೆಗೆ ಬಂದು ಹೋಗುವವರಿಗೆ ಅಡ್ಡವಾಗುತ್ತದೆ ಎಂದು ಎಬ್ಬಿಸಿ ಕಳಿಸಿದ.

ಶನಿವಾರ ಮಧ್ಯಾಹ್ನ ಹೊಟ್ಟು ಜಡಿಯುತ್ತ ದುರ್ಗಕ್ಕ ತನ್ನಷ್ಟಕ್ಕೇ ಗೊಣಗಿದಳು: “ಇನ್ನೇನ್ ಆರಿಸ್ಲಿ? ಇನ್ನ ನನ್ನ ಜೀವ ಒಂದ ಆರಿಸೂದು ಉಳದೈತಿ.”

ಗೋಡೆಗೊರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ಹೊಳೆಮ್ಮ ಕುಟ್ಟಾಣಿ ಬಿಡದೆ ಅಂದಳು: “ಹುಚ್ಚಿ, ನಾ ಮೂವತ್ತು ವರ್ಸ ಗೌಡ್ರ ಗದ್ಯಾಗ ನೀರು ಕಟ್ಟೀನಿ. ಮಡಿ ಮಡಿಗೆ ಮಣ್ಣು ಹಾಕ್ಕೋತ ಕುಂತ್ರ ನೀರು ನಿಂದರ್ತೈತೇನು? ಕಾಲುವಿ ತೂಬು ಮುಚ್ಚಬೇಕು. ತೂಬು ಮುಚ್ಚಿದ್ರ ಒಂದು ಹನಿ ಇಳಿಯಂಗಿಲ್ಲ.”

ದುರ್ಗಕ್ಕನ ಕೈ ನಿಂತಿತು. ತೂಬು. ಈ ಮನೆಯ ಬೆಳಕಿನ ತೂಬು ಎಲ್ಲಿದೆ?

ಹೊಟ್ಟು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು. ಹಗಲೆಲ್ಲ ಆ ಬಿಳಿ ತುಂಡು ಕಿತ್ತಿಟ್ಟುಕೊಂಡರೆ? ಸಂಜೆ ಹುಡುಗಿ ಓದುವಷ್ಟು ಹೊತ್ತು ಮಾತ್ರ ಒತ್ತಿ ಬಂದರೆ? ಅಷ್ಟಕ್ಕಾದರೂ ಬಿಲ್ಲು ಇಳಿಯಲೇಬೇಕು. ಸೋಮವಾರದ ಟ್ರ್ಯಾಕ್ಟರನ್ನು ತಡೆಯಲು ಅವಳಿಗೆ ಬೇರೆ ದಾರಿ ಕಾಣಲಿಲ್ಲ.

ಓಣಿ ಬಿಸಿಲಿಗೆ ಬಿಕೋ ಎನ್ನುತ್ತಿತ್ತು. ಗೌಡರು ಉಂಡು ಮಲಗುವ ಹೊತ್ತು. ಮೋಟರು ಗುರ್ರೆನ್ನುತ್ತಿತ್ತು, ಮಹಡಿಯ ಟಾಕಿಗೆ ನೀರು ಧೋ ಎಂದು ಬೀಳುತ್ತಿತ್ತು. ಎದುರು ಮನೆಯಲ್ಲಿ ರೇಡಿಯೊ ಹಾಡುತ್ತಿತ್ತು. ಕಟ್ಟೆಯ ಕೆಳಗೆ ನಿಂತು ದುರ್ಗಕ್ಕ ಅತ್ತಿತ್ತ ನೋಡಿದಳು. ಕಾಲು ಎತ್ತಿಟ್ಟಳು. ಕಲ್ಲು ತಣ್ಣಗಿತ್ತು. ಮಿಕ್ಕ ಕಲ್ಲುಗಳ ಹಾಗೆಯೇ ಅದೂ ಒಂದು ಕಲ್ಲು.

ಮೀಟರಿನ ಗಾಜಿನೊಳಗೆ ಸಣ್ಣ ತಗಡಿನ ಚಕ್ರವೊಂದು ತಿರುಗುತ್ತಿತ್ತು. ತಿರುಗುತ್ತಿತ್ತು ಎಂದರೆ ಸಾಲದು, ಬುಗುರಿಯ ಹಾಗೆ ಓಡುತ್ತಿತ್ತು. ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ; ಇದು ಯಾಕೆ ಓಡುತ್ತಿದೆ? ಅವಳು ಕೈಗೆ ಸೆರಗು ಸುತ್ತಿಕೊಂಡು ಬಿಳಿ ಪಿಂಗಾಣಿ ಹಿಡಿದು ಜಗ್ಗಿದಳು. ಚಟ್ ಎಂದು ಕಿತ್ತು ಬಂತು.

ಮೋಟರು ನಿಂತಿತು.

ಟಾಕಿಯ ಧೋ ಸದ್ದು ಸಣ್ಣಗಾಗಿ, ಹನಿಯಾಗಿ, ಇಲ್ಲವಾಯಿತು. ಒಳಗಿನಿಂದ ಗೌಡರ ನಿದ್ದೆಗಣ್ಣಿನ ದನಿ: “ಏ, ಕರೆಂಟ್ ಹೋತೇನು? ಫ್ಯಾನ್ ನಿಂತೈತಲ್ಲ!” ಎದುರು ಮನೆಯ ರೇಡಿಯೊ ಮಾತ್ರ ಹಾಡುತ್ತಲೇ ಇತ್ತು.

ದುರ್ಗಕ್ಕನಿಗೆ ಏನೂ ತಿಳಿಯಲಿಲ್ಲ. ಹೆದರಿ, ತಾನೇನೋ ಕೆಡಿಸಿದೆನೆಂದು ಪಿಂಗಾಣಿಯನ್ನು ಮತ್ತೆ ಒತ್ತಿದಳು. ಮೋಟರು ಗುರ್ರೆಂದಿತು. ನೀರು ಬಿತ್ತು. ಚಕ್ರ ಓಡಿತು.

ಮತ್ತೆ ಕಿತ್ತಳು. ಮೋಟರು ಸತ್ತಿತು.

ಹೊಟ್ಟಿನ ಹೊಗೆಯಲ್ಲಿ ಬೆಂದ ಕಣ್ಣು, ಜೀರೊ ಬಲ್ಬಿನ ಅಡಿ ಉಂಡ ಉಣಿಸು, ಮಗಳ ಮೂಲೆಯ ಕತ್ತಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಎತ್ತರದಿಂದ, ಮುಟ್ಟದ ಹಾಗೆ, ದಾನ ಕೊಟ್ಟ ಹಾಗೆ ಕೊಡಕ್ಕೆ ಬಿಡುತ್ತಿದ್ದ ಆ ನೀರು! ಆ ನೀರನ್ನು ಎತ್ತುತ್ತಿದ್ದದ್ದು ಇವಳ ಮನೆಯ ಕರೆಂಟು.

“ಯಾವಾಕಿ ಅಕಿ ಕಟ್ಟಿ ಮ್ಯಾಲೆ?” ಉಜ್ಜಿನಪ್ಪಗೌಡರು ಬನಿಯನ್ನಿನಲ್ಲೇ ಹೊರಗೆ ಬಂದರು. ಹಿಂದೆ ಚೆನ್ನಬಸಮ್ಮ. ಆಚೀಚೆ ಮನೆಗಳ ಬಾಗಿಲಿಗೆ ತಲೆಗಳು ಬಂದವು.

“ನಾನ್ರೀ. ದುರ್ಗಕ್ಕ.”

“ಇಳಿ ಕೆಳಗ!”

“ಇಳಿತೀನ್ರಿ. ನಮ್ಮ ಫ್ಯೂಜ್ ಕಿತ್ರ ನಿಮ್ಮ ಮೋಟರ್ ಯಾಕ ನಿಂತತು, ಅದೊಂದು ಹೇಳ್ರಿ, ಇಳಿತೀನಿ.”

ಗೌಡರು ಮೀಟರಿನ ಕಡೆ ನೋಡಿದರು. ಆಮೇಲೆ ನಕ್ಕರು. “ಏನೋ ಒಂದು ಎಳಿ ಕೂಡಿರಬೇಕು. ವೈರಿಂಗ್ ಅಂದ್ರ ಹಂಗ. ನಿಮಗ ನೀರು ಕೊಡಂಗಿಲ್ಲೇನು ನಾವು? ಒಂದು ದಿನ ರೊಕ್ಕ ಕೇಳೀವೇನು?”

“ನೀವು ಕೇಳಿಲ್ರಿ. ಬಿಲ್ಲಿನಾಂವ ಕೇಳ್ಯಾನ.”

ಯಾರೋ ಕಿಸಕ್ಕೆಂದರು. ಗೌಡರ ನಗು ಮಾಸಿತು. “ನನ್ನ ಬಾಯಿ ಯಾಕ ಬಿಡಿಸ್ತಿ? ಹೋಗಿ ನಿನ್ನ ಗಂಡನ್ನ ಕೇಳು. ಅಂವಗ ಗೊತ್ತಿಲ್ದ ಒಂದು ಎಳಿನೂ ಇಲ್ಲಿ ಕೂಡಿಲ್ಲ.”

ಆ ಮಾತು ದುರ್ಗಕ್ಕನಿಗೆ ತಂತಿ ಮುಟ್ಟಿದ ಹಾಗೆ ಹೊಡೆಯಿತು. ಅವಳು ಕಟ್ಟೆ ಇಳಿದಳು. ಪಿಂಗಾಣಿಯ ತುಂಡನ್ನು ಮಾತ್ರ ಅಲ್ಲಿಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಡೆದಳು.

ಸಂಜೆ ತಾಯಪ್ಪ ಬಂದಾಗ ಚಿಮಣಿ ಬುಡ್ಡಿ ಉರಿಯುತ್ತಿತ್ತು. ತಟ್ಟೆ ಇಟ್ಟಿರಲಿಲ್ಲ. ದುರ್ಗಕ್ಕ ಸೆರಗಿನ ಗಂಟು ಬಿಚ್ಚಿ ಬಿಳಿ ತುಂಡನ್ನು ಅವನ ಮುಂದೆ ಇಟ್ಟಳು.

ಮದುವೆಯಾಗಿ ಬಂದಂದಿನಿಂದ ಗಂಡನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. ಅಂದು ಕೇಳಿದಳು: “ನಿನಗ ಗೊತ್ತಿತ್ತಾ?”

ತಾಯಪ್ಪ ಆ ತುಂಡನ್ನು ಮುಟ್ಟದೆ ಅಲ್ಲೇ ನೆಲಕ್ಕೆ ಕುಳಿತ.

“ಮಗಾ, ಇಲ್ಲ ಅನ್ನು,” ಎಂದಳು ಹೊಳೆಮ್ಮ. “ಗೌಡ್ರು ಹಂಗ ಮಾಡಾವ್ರಲ್ಲ ಅನ್ನು.”

“ಲೈನ್ ಹಾಕ್ಸೂವಾಗ ಅಂದ್ರು ಬೇ,” ತಾಯಪ್ಪ ನೆಲ ನೋಡುತ್ತ ಹೇಳಿದ. “ನನ್ನ ಗೋಡಿ, ನನ್ನ ಕಟ್ಟಿ. ಒಂದು ಸಣ್ಣ ಎಳಿ ನನಗೂ ಇರ್ಲಿ ಅಂದ್ರು. ಆಗ ಬರೇ ಒಂದು ಫ್ಯಾನ್ ಇತ್ತು. ದೀಪಾವಳಿ ಆದ ಮ್ಯಾಲೆ ಮೋಟರೂ ಅದಕ್ಕ ಹಚ್ಯಾರ. ಕೇಳಾಕ ಹೋದೆ. ಬ್ಯಾಡಂದ್ರ ವೈರ್ ಕಿತ್ಕೊಂಡು ಹೋಗು ಅಂದ್ರು. ಏನ್ ಮಾಡ್ಲಿ? ಕತ್ತಲಾಗ ಇರೂದಕ್ಕಿಂತ...”

“ಕತ್ತಲಾಗ ಇರೂದಕ್ಕಿಂತ?” ಪಂಪಮ್ಮ ಎದ್ದು ನಿಂತಳು. “ನನ್ನ ಬಲ್ಬು ನಿನ್ನ ಜೇಬಿನ್ಯಾಗ ಐತೆಪ್ಪಾ.”

“ಅವರಿಗೆ ಅನ್ನೂ ಮಾತು ನಮಗ ಅಂದಿ,” ಎಂದಳು ದುರ್ಗಕ್ಕ. ಅವಳ ದನಿ ಏರಲಿಲ್ಲ. “ಕಳ್ಳ ಯಾರಂತ ಗೊತ್ತಿಟಗೊಂಡು ನನ್ನ ಒಲಿ ಆರಿಸಿದಿ. ನಿಮ್ಮವ್ವನ ರೇಡಿಯೋ ಬಾಯಿ ಮುಚ್ಚಿಸಿದಿ. ಅವರು ಕದ್ದಿದ್ದು ತುಂಬಾಕ ಮಗಳನ್ನ ಅವರ ಹೊಲ್ದಾಗನ ದುಡಿಯಾಕ ಹಚ್ಚಿದಿ. ಅವರ ಮೋಟರಿಗೆ ಅಕಿ ಬೆನ್ನ ಮುರೀಲಿ ಅಂದಿ. ಹೌದಿಲ್ಲ?”

ತಾಯಪ್ಪ ಜೇಬಿನಿಂದ ಬಲ್ಬು ತೆಗೆದು ನೆಲದ ಮೇಲಿಟ್ಟ. ಅದು ಸ್ವಲ್ಪ ಉರುಳಿ, ಪಿಂಗಾಣಿಗೆ ತಾಕಿ ನಿಂತಿತು.

“ಅಕಿ ಟ್ರ್ಯಾಕ್ಟರ್ ಹತ್ತಂಗಿಲ್ಲ,” ಎಂದಳು ದುರ್ಗಕ್ಕ. “ಇದು ನನ್ನ ಸೆರಗಿನ್ಯಾಗ ಇರ್ತೈತಿ. ಮೀಟರ್ ನಮ್ಮ ಗೋಡಿಗೆ ಬಂದ ದಿನ ಬಿಚ್ಚತೀನಿ. ಅಲ್ಲೀತನ ಚಿಮಣಿನ ಸಾಕು.”

“ಸಾಕು ಬೇ,” ಎಂದಳು ಪಂಪಮ್ಮ.

ಹೊಳೆಮ್ಮನ ಬಾಯಿ ಅರೆ ತೆರೆದಿತ್ತು. ಎಲೆ ಅಡಿಕೆಯ ಕೆಂಪು ರಸ ತುಟಿಯ ಅಂಚಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ದಿನಾ ಸಂಜೆ ಗೌಡರ ದಿಕ್ಕಿಗೆ ಮುಗಿಯುತ್ತಿದ್ದ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರ ಕೈ ನೋಡುವ ಹಾಗೆ ನೋಡುತ್ತ ಕುಳಿತಳು.

ಭಾನುವಾರ ಬೆಳಿಗ್ಗೆ ಗೌಡರ ಮನೆಯಲ್ಲಿ ಗದ್ದಲ. ನೆಂಟರು ಬರುವವರಿದ್ದರು, ಟಾಕಿ ಬರಿದು. ಆಳು ಮೀಟರಿನ ಸಂದಿಗೆ ತಂತಿ ಸಿಕ್ಕಿಸಲು ಹೋಗಿ, ಜುಮ್ಮೆನ್ನಿಸಿಕೊಂಡು, ಕೈ ಝಾಡಿಸುತ್ತ ಅಂಗಳಕ್ಕೆ ಹಾರಿದ್ದ. ಮೋಟರನ್ನು ತಮ್ಮ ಸ್ವಂತ ಮೀಟರಿಗೆ ಜೋಡಿಸಿಕೊಡಲೆಂದು ವೈರ್‌ಮನ್‌ಗೆ ಹೇಳಿ ಕಳಿಸಿದರೆ ಕಂಪ್ಲಿಯ ಗಿರಣಿಗೆ ಹೋಗಿದ್ದಾನೆ, ಮಧ್ಯಾಹ್ನ ಮೀರಿ ಬರುತ್ತಾನೆ ಎಂದು ತಿಳಿಯಿತು.

ಆ ದಿನ ಸೊಸೆಯ ಬದಲು ಹೊಳೆಮ್ಮ ತಾನೇ ಕೊಡ ಹಿಡಿದು ಹೊರಟಳು. “ಅತ್ತೀ, ಅಲ್ಲಿ ಹೋಗಬ್ಯಾಡ,” ಎಂದು ದುರ್ಗಕ್ಕ ಬೆನ್ನಿಗೆ ಬಂದಳು. ಮುದುಕಿ ತಿರುಗಿ ನೋಡಲಿಲ್ಲ.

ಕಟ್ಟೆಯ ಮುಂದೆ ಕೊಡ ಇಟ್ಟು ನಿಂತಳು. ಚೆನ್ನಬಸಮ್ಮ ಹೊರಗೆ ಬಂದಳು.

“ಹೊಳೆವ್ವ, ಬಂದ್ಯಾ? ನೀ ಹಳೇ ಮನಸ್ಯಾಳು. ಸೊಸಿಗೆ ಬುದ್ಧಿ ಹೇಳಿ ಆ ಫ್ಯೂಜ್ ಇಸ್ಕೊಂಡು ಬಾ. ನೀರಿಲ್ಲ ನೋಡು ಮನ್ಯಾಗ.”

“ಅವ್ವಾರ,” ಎಂದಳು ಹೊಳೆಮ್ಮ, “ಈ ಕಟ್ಟಿಗೆ ಗಾರಿ ಹೊತ್ತಾಕಿ ನಾನು. ಕಟ್ಟೂವಾಗ ಎಷ್ಟು ಸಲ ಹತ್ತಿದ್ನೋ, ಎಷ್ಟು ಸಲ ಇಳದ್ನೋ. ಕಟ್ಟಿದ ಮ್ಯಾಲೆ ಒಂದು ಸಲಾನೂ ಹತ್ತಿಲ್ಲ.”

ಹೇಳುತ್ತಲೇ ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದನ್ನು ಕಲ್ಲಿಗೆ ಊರಿ, ಏದುಸಿರು ಬಿಡುತ್ತ ಹತ್ತಿದಳು. ಸೀದಾ ಮೀಟರಿನ ಕೆಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಳು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಓಣಿಯ ಜನ ನಿಂತಲ್ಲೇ ನಿಂತರು. ದುರ್ಗಕ್ಕನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು.

ಚೆನ್ನಬಸಮ್ಮ ಸೀರೆ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು.

“ಏ... ಏ ಹೊಳೆವ್ವಾ! ಏನಿದು? ಇಳಿ, ಇಳಿ ಕೆಳಗ! ನೆಂಟರು ಬರ್ತಾರ. ಕಟ್ಟಿ ಎಲ್ಲಾ ತೊಳೀಬೇಕಾತಲ್ಲ ಈಗ!”

“ತೊಳೀರಿ ಅವ್ವಾರ,” ಎಂದಳು ಹೊಳೆಮ್ಮ, ಎಲೆ ಮಡಿಚಿ ದವಡೆಗಿಡುತ್ತ. “ನೀರೆಲ್ಲೈತಿ?”